ಬೆಳ್ಳಿಯ ಬೆಲೆ ಇಷ್ಟೊಂದು ಹೊಯ್ದಾಡುವುದೇಕೆ?

ಪ್ರಶ್ನೆ: ಮಗಳ ಮದುವೆಗೆಂದು ಒಂದು ಜೊತೆ ಬೆಳ್ಳಿಯ ದೀಪದ ಕಂಬಗಳನ್ನು ನೋಡಿಟ್ಟು ಬಂದಿದ್ದೆ. ಹದಿನೈದು ದಿನ ಬಿಟ್ಟು ಹೋದಾಗ ಅಂಗಡಿಯವರು ಅದೇ ತೂಕಕ್ಕೆ ಬೇರೆಯೇ ಬೆಲೆಯನ್ನು ಚೀಟಿಯಲ್ಲಿ ಬರೆದುಕೊಟ್ಟರು. ಬೆಳ್ಳಿಯು ಚಿನ್ನಕ್ಕಿಂತಲೂ ಹೆಚ್ಚು ಏರಿಳಿಯಲು ಕಾರಣವೇನೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಮೇಡಂ, ಮೊದಲ ಕಾರಣ ಗಣಿಯಲ್ಲಿಯೇ ಇದೆ. ಬೆಳ್ಳಿಯ ಬಹುಪಾಲು ಸೀಸ, ಸತು, ತಾಮ್ರ ಮತ್ತು ಚಿನ್ನದ ಅದಿರಿನೊಂದಿಗೆ ಉಪೋತ್ಪನ್ನವಾಗಿ ದೊರೆಯುವುದರಿಂದ, ಬೆಲೆ ಎಷ್ಟೇ ಏರಿದರೂ ಉತ್ಪಾದನೆಯನ್ನು ಕೂಡಲೇ ಹೆಚ್ಚಿಸಲಾಗದು. ನಮ್ಮ ರಾಜಸ್ಥಾನದ ಬೆಳ್ಳಿಯೂ ಸೀಸ-ಸತುವಿನ ಗಣಿಗಳದ್ದೇ. ಅದರ ಮೇಲೆ ಬೆಳ್ಳಿಯನ್ನು ಬಳಸುವ ಸೌರಫಲಕಗಳ ಬೇಡಿಕೆಯೂ ಹೂಡಿಕೆದಾರರ ಆತುರವೂ ಸೇರುತ್ತವೆ.

ಉತ್ತರ 2: ಮೇಲಿನ ಮಾತು ಸರಿ. ಆದರೆ ಹಠಾತ್ ಕುಸಿತಗಳಿಗೆ ಸಾಲದ ಹಣದ ವ್ಯಾಪಾರವೇ ಮುಖ್ಯ ಕಾರಣವೆಂದು ನನ್ನ ದೃಢ ಅಭಿಪ್ರಾಯ. ಅಮೆರಿಕದ ಹಂಟ್ ಸಹೋದರರು ಗಟ್ಟಿ ಬೆಳ್ಳಿಯನ್ನೂ ವಾಯಿದಾ ಒಪ್ಪಂದಗಳನ್ನೂ (ಇಂದೇ ನಿಗದಿಪಡಿಸಿದ ಬೆಲೆಗೆ ಮುಂದೊಂದು ದಿನ ಕೊಳ್ಳುವ ಕರಾರು) ರಾಶಿ ಹಾಕಿದ್ದರಿಂದ, 1979ರ ಆರಂಭದಲ್ಲಿ ಔನ್ಸಿಗೆ (ಸುಮಾರು 31 ಗ್ರಾಂ) ಸುಮಾರು 6 ಡಾಲರ್ ಇದ್ದ ಬೆಲೆ 1980ರ ಜನವರಿಯಲ್ಲಿ 50ರ ಸಮೀಪಕ್ಕೆ ಹೋಯಿತು. ಇಂಥ ಒಪ್ಪಂದಗಳ ವ್ಯಾಪಾರ ನಡೆಯುವ ವಿನಿಮಯ ಕೇಂದ್ರವು ಸಾಲದ ಖರೀದಿಗೆ ಕಡಿವಾಣ ಹಾಕಿತು. ಹಂಟ್ ಸಹೋದರರು ಮಾರ್ಜಿನ್ ಹಣ (ಇಂಥ ವ್ಯಾಪಾರಕ್ಕೆ ಇಡಬೇಕಾದ ಠೇವಣಿ) ಕಟ್ಟಲಾಗದೆ ಕೈಚೆಲ್ಲಿದಾಗ, ಮಾರ್ಚ್ 27ರ ಗುರುವಾರ ಬೆಲೆ 11 ಡಾಲರಿಗಿಂತಲೂ ಕೆಳಗಿಳಿಯಿತು. 2011ರಲ್ಲಿಯೂ ಮಾರ್ಜಿನ್ ಮೊತ್ತವನ್ನು ಮೇಲಿಂದ ಮೇಲೆ ಏರಿಸಿದಾಗ, ಮೇ ತಿಂಗಳ ಮೊದಲ ವಾರದಲ್ಲೇ ಬೆಲೆಯ ಕಾಲು ಭಾಗದಷ್ಟು ಕರಗಿಹೋಯಿತು.

ಉತ್ತರ 3: ನಮ್ಮಲ್ಲಿ ಡಾಲರಿನ ದರವೂ ಆಮದು ಸುಂಕವೂ ಸೇರಿಕೊಳ್ಳುತ್ತವೆ. 2024ರ ಜುಲೈ ಬಜೆಟ್‌ನಲ್ಲಿ ಸುಂಕವನ್ನು ಶೇ 15ರಿಂದ 6ಕ್ಕೆ ಇಳಿಸಿದ ದಿನವೇ ದರ ಬಿದ್ದಿತ್ತು. ತಮ್ಮ ಚೀಟಿಯಲ್ಲಿ ಮಜೂರಿಯನ್ನು ಬೇರೆಯಾಗಿ ಬರೆಸಿಕೊಳ್ಳಿ, ಆಗ ಏರಿದ್ದು ಯಾವುದೆಂದು ಸ್ಪಷ್ಟವಾಗುತ್ತದೆ.