ಗುಡ್ಡದ ಬೆಂಕಿಯ ಹೊಗೆ ಮನೆಯೊಳಗೆ ಬರುತ್ತಿದೆ, ಏನು ಮಾಡಲಿ?

ನಮ್ಮದು ಕಾರ್ಕಳ ಹತ್ತಿರ. ಎರಡು ದಿನದಿಂದ ಪಕ್ಕದ ಗುಡ್ಡದ ಒಣಹುಲ್ಲು ಉರಿಯುತ್ತಿದೆ, ಬೆಳಿಗ್ಗೆ ಅಂಗಳವೆಲ್ಲ ಹೊಗೆ. ಅತ್ತೆಗೆ ದಮ್ಮು, ನಾಲ್ಕು ವರ್ಷದ ಮಗಳಿಗೆ ರಾತ್ರಿ ಇಡೀ ಕೆಮ್ಮು. ಹಂಚಿನ ಮನೆ, ಬಾಗಿಲು ಹಾಕಿದರೂ ಸಂದಿಯಿಂದ ಬರುತ್ತದೆ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿದರೆ ಸಾಕಾ?

ಉತ್ತರ 1:
ಸಾಲದು ಅಕ್ಕಾ. ಹೊಗೆಯ ಕಣಗಳು ಹೆಚ್ಚಿನವು 2.5 ಮೈಕ್ರಾನ್‌ಗಿಂತ ಚಿಕ್ಕವು, ಬಟ್ಟೆಯಲ್ಲಿ ನುಸುಳಿ ಸೀದಾ ಶ್ವಾಸಕೋಶಕ್ಕೆ ಹೋಗುತ್ತವೆ. ಅತ್ತೆ ಹೊರಗೆ ಹೋಗಲೇಬೇಕಾದರೆ ಎನ್95 ಮಾಸ್ಕ್ ಹಾಕಲಿ, ಬದಿಯಲ್ಲಿ ಗಾಳಿ ಸೋರಬಾರದು. ಸಣ್ಣ ಮಕ್ಕಳ ಮುಖಕ್ಕೆ ಅದು ಸರಿಯಾಗಿ ಕೂರುವುದಿಲ್ಲ, ಮಗಳನ್ನು ಒಳಗೇ ಇಟ್ಟುಕೊಳ್ಳಿ.

ಉತ್ತರ 2:
ಇಡೀ ಹಂಚಿನ ಮನೆ ಮುಚ್ಚಲು ಆಗುವುದಿಲ್ಲ ಮಾರಾಯ್ರೆ. ಮುಚ್ಚಿಗೆ (ಹಂಚಿನ ಕೆಳಗಿನ ಒಳಚಾವಣಿ) ಇರುವ ಒಂದು ಕೋಣೆ ಆರಿಸಿ, ಕಿಟಕಿ ಸಂದಿಗೆ ಬಟ್ಟೆ ತುರುಕಿ, ಇಬ್ಬರನ್ನೂ ಅಲ್ಲೇ ಮಲಗಿಸಿ. ಅಗರಬತ್ತಿ, ಸೊಳ್ಳೆ ಬತ್ತಿ ಬೇಡ, ಬಚ್ಚಲಿನ ಒಲೆಯೂ ಬೇಡ. ನಮ್ಮಲ್ಲಿ ರಾತ್ರಿ ಗಾಳಿ ಘಟ್ಟದ ಕಡೆಯಿಂದ, ಮಧ್ಯಾಹ್ನ ಕಡಲಿನಿಂದ ಬೀಸುತ್ತದೆ ಅಲ್ವಾ, ಹೊಗೆ ತಿಳಿಯಾದ ಹೊತ್ತು ನೋಡಿ ಕಿಟಕಿ ತೆರೆಯಿರಿ.

ಪ್ರಶ್ನೆ ಕೇಳಿದವರು:
ಸೊಳ್ಳೆ ಬತ್ತಿ ದಿನಾ ಹಚ್ಚುತ್ತಿದ್ದೆ, ಇವತ್ತೇ ನಿಲ್ಲಿಸುತ್ತೇನೆ.

ಉತ್ತರ 1:
ಅತ್ತೆಯ ಇನ್ಹೇಲರ್ ಕೈಗೆ ಸಿಗುವಂತೆ ಇಡಿ. ಮಾತಾಡಲು ಉಸಿರು ಸಾಲದಿದ್ದರೆ, ಉಸಿರೆಳೆಯುವಾಗ ಮಗುವಿನ ಪಕ್ಕೆ ಒಳಗೆ ಎಳೆದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.