ಮೇನ್ ಆಫ್ ಮಾಡಿದ್ರೂ ಟೆಸ್ಟರ್ ಉರಿಯುತ್ತಿದೆ, ಏನ್ಮಾಡ್ಲಿ?

ಹಾಸನದಕ್ಕ: ಸಾರ್, ಹಾಲ್‌ನ ಹಳೇ ಟ್ಯೂಬ್‌ಲೈಟ್ ಬಿಚ್ಚಿದ್ದೇವೆ, ಎಲ್‌ಇಡಿ ಪ್ಯಾನಲ್ ಹಾಕಬೇಕು. ಮೇನ್ ಇಳಿಸಿದ್ದೇವೆ. ಲೈಟಿನ ಸ್ವಿಚ್ಚೂ ಆಫ್. ಮೇಲಿಂದ ಬಂದಿರೋದು ಎರಡೂ ಕೆಂಪು ವೈರ್, ಒಂದರಲ್ಲಿ ಟೆಸ್ಟರ್ ಜೋರಾಗಿ ಉರಿಯುತ್ತಿದೆ. ಯಜಮಾನರು ಸ್ಟೂಲ್ ಮೇಲೇ ಇದ್ದಾರೆ.

ವೈರ್‌ಮನ್: ಮೊದಲು ಅವರನ್ನು ಇಳಿಸಿ. ಮನೆಯಲ್ಲಿ ಯುಪಿಎಸ್ ಇದೆಯಾ?

ಹಾಸನದಕ್ಕ: ಇದೆ, ಮೆಟ್ಟಿಲ ಕೆಳಗೆ. ಆಗಿನಿಂದ ಬೀಪ್ ಬೀಪ್ ಅಂತಿದೆ.

ವೈರ್‌ಮನ್: ಅದೇ. ನೀವು ಮೇನ್ ಇಳಿಸಿದರೆ ಯುಪಿಎಸ್ ಲೆಕ್ಕದಲ್ಲಿ ಕರೆಂಟ್ ಹೋಯ್ತು ಅಂತ. ತಕ್ಷಣ ಲೈಟ್ ಲೈನಿಗೆ ತಾನೇ ಕೊಡೋಕೆ ಶುರು ಮಾಡುತ್ತದೆ. ಬ್ಯಾಟರಿ 12 ವೋಲ್ಟೇ ಇರಬಹುದು, ಹೊರಗೆ ಬರೋದು 230. ಹಾಗಂತ ಮೇನ್ ಬಿಟ್ಟು ಯುಪಿಎಸ್ ಬಟನ್ ಒಂದನ್ನೇ ಆಫ್ ಮಾಡಿದರೂ ಸಾಲದು, ಹೊರಗಿನ ಕರೆಂಟ್ ಅದರೊಳಗಿಂದ ದಾಟಿ ಲೈಟಿಗೆ ಹೋಗುತ್ತಲೇ ಇರುತ್ತದೆ. ಎರಡನ್ನೂ ಆಫ್ ಮಾಡಿ, ಪ್ಲಗ್ ಕಿತ್ತಿಡಿ, ಮತ್ತೆ ಟೆಸ್ಟರ್ ಇಟ್ಟು ನೋಡಿ.

ನನಗೆ ತಲೆ ಕೆಡಿಸಿದ್ದು ಬೇರೆ. ಸ್ವಿಚ್ ಆಫ್ ಇದ್ದಾಗ ಮೇಲೆ ಫೇಸ್, ಅಂದರೆ ಕರೆಂಟ್ ತರೋ ಲೈನ್, ಹೇಗೆ ಬಂತು? ಯಾರೋ ಸ್ವಿಚ್ಚನ್ನು ಫೇಸ್‌ಗೆ ಹಾಕೋ ಬದಲು ನ್ಯೂಟ್ರಲ್‌ಗೆ (ಕರೆಂಟ್ ವಾಪಸ್ ಹೋಗೋ ವೈರ್‌ಗೆ) ಹಾಕಿರಬೇಕು. ಲೈಟ್ ಆರುತ್ತದೆ, ಟ್ಯೂಬ್ ಪಟ್ಟಿಯಲ್ಲಿ ಕರೆಂಟ್ ಹಾಗೇ ಇರುತ್ತದೆ. ಇಷ್ಟು ವರ್ಷ ಆ ಟ್ಯೂಬ್ ಬದಲಿಸಿದವರು ಪುಣ್ಯವಂತರು. ಫೇಸ್ ಕೆಂಪು, ನ್ಯೂಟ್ರಲ್ ಕಪ್ಪು, ಅರ್ಥ್ ಹಸಿರು ಇರಬೇಕಿತ್ತು. ಅವತ್ತು ಕೆಂಪು ಕಾಯಿಲ್ ಮಿಕ್ಕಿತ್ತೇನೋ! ಇದು ಬೋರ್ಡ್ ಬಿಚ್ಚಿ ಸರಿ ಮಾಡುವ ಕೆಲಸ. ಲೈಸೆನ್ಸ್ ಇರುವವರನ್ನು ಕರೆಸಿ.

ತಿಪಟೂರು ತೆಂಗು: ನಮ್ಮನೆ ಎಲ್‌ಇಡಿ ಆಫ್ ಮಾಡಿದ್ರೂ ಮಿಣಮಿಣ ಅನ್ನುತ್ತೆ, ಯಾಕೆ?

ವೈರ್‌ಮನ್: ಸ್ವಿಚ್ಚಲ್ಲಿ ಪುಟ್ಟ ಇಂಡಿಕೇಟರ್ ಇದ್ದರೆ ಹಾಗಾಗುತ್ತದೆ. ಇಲ್ಲದಿದ್ದರೆ ಹಾಸನದಕ್ಕನ ಮನೆ ಕಥೆಯೇ ಇರಬಹುದು, ತೋರಿಸಿ.

ಧಾರವಾಡ ಪೇಡೆ: ನಮ್ಮ ಫ್ಯಾನ್ ರೆಗ್ಯುಲೇಟರ್ ಗುಂಯ್ ಅಂತೈತ್ರಿ, ಯಾಕಿರಬಹುದು?

ರಿಟೈರ್ಡ್ ಮೇಷ್ಟ್ರು: (ಫಾರ್ವರ್ಡ್) "ಮಿಣುಕು ನಿಲ್ಲಲು ನ್ಯೂಟ್ರಲ್ ವೈರನ್ನು ಅರ್ಥ್‌ಗೆ ಸೇರಿಸಿ. ನೂರಕ್ಕೆ ನೂರು ಗ್ಯಾರಂಟಿ. ಎಲ್ಲರಿಗೂ ಕಳಿಸಿ."

ವೈರ್‌ಮನ್: ಯಾರಿಗೂ ಕಳಿಸಬೇಡಿ! ನ್ಯೂಟ್ರಲ್ ಎಲ್ಲಾದರೂ ಕಡಿದರೆ, ಅರ್ಥ್ ಸರಿಯಿಲ್ಲದ ಮನೆಯಲ್ಲಿ ಫ್ರಿಜ್, ಗೀಸರ್ ಮೈಗೆಲ್ಲ ಕರೆಂಟ್ ಬರುತ್ತದೆ. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್) ಇದ್ದರೆ, ಹೀಗೆ ಸೇರಿಸಿದಾಗ ಟ್ರಿಪ್ ಆಗುತ್ತದೆ. ಆಗ ಅದನ್ನೂ ಕಿತ್ತುಹಾಕಿ ಅಂತ ಇನ್ನೊಂದು ಫಾರ್ವರ್ಡ್ ಬರುತ್ತದೆ, ಅಲ್ವಾ?

ರಿಟೈರ್ಡ್ ಮೇಷ್ಟ್ರು: ರಬ್ಬರ್ ಚಪ್ಪಲಿ ಇದ್ದರೆ ಏನೂ ಆಗಲ್ಲ. 40 ವರ್ಷದಿಂದ ಹೀಗೇ ಮಾಡ್ತಿದ್ದೇನೆ.

ಗಡಿಬಿಡಿ ಗೌಡ: ಇನ್ನೊಂದು ಕೈ ಒದ್ದೆ ಗೋಡೆ ಮುಟ್ಟಿದ್ರೆ ಚಪ್ಪಲಿ ಏನ್ಮಾಡುತ್ತೆ ಮೇಷ್ಟ್ರೇ?

ರಿಟೈರ್ಡ್ ಮೇಷ್ಟ್ರು: ನನಗೆ ಪಾಠ ಹೇಳ್ತೀಯೇನಪ್ಪಾ? ಒಂದು ಲೈಟಿಗೆ 500 ಕೊಡೋಕೆ ನಮಗೇನು ಹುಚ್ಚಾ?

ಗಡಿಬಿಡಿ ಗೌಡ: 500ಕ್ಕೆ ಬರ್ತಾರಾ? ನಮ್ಮೂರಲ್ಲಿ ಫೋನೇ ಎತ್ತಲ್ಲ.

ವೈರ್‌ಮನ್: ದೀಪಾವಳಿ ಹಿಂದಿನ ದಿನ ಮಾಡಿದ್ರೆ ನಾನೂ ಎತ್ತಲ್ಲ.

ಕೊಳ್ಳೇಗಾಲ: ಝೂಮರ್ 8 ಕೆಜಿ ಇದೆ. ಪಿಒಪಿಗೆ ಸ್ಕ್ರೂ ಹೊಡೆಯಬಹುದಾ?

ವೈರ್‌ಮನ್: ಬೇಡ. ಸ್ಲ್ಯಾಬ್‌ನ ಫ್ಯಾನ್ ಕೊಕ್ಕೆಗೆ ತೂಗುಹಾಕಿ. ವೈರ್ ಮೇಲೆ ಭಾರ ಬೀಳಬಾರದು.

ಮೈಸೂರು ಮಲ್ಲಿಗೆ: ಸಾರ್, ಎಲ್‌ಇಡಿ ಆಫ್ ಮಾಡಿದ್ರೂ ಸಣ್ಣಗೆ ಉರಿಯುತ್ತೆ…

ವೈರ್‌ಮನ್: ಮೇಲೆ ಓದಿ.

ಹಾಸನದಕ್ಕ: ಎರಡೂ ಆಫ್ ಮಾಡಿ ಪ್ಲಗ್ ತೆಗೆದೆವು. ಬೀಪ್ ನಿಂತಿತು, ಟೆಸ್ಟರ್ ಉರಿಯುತ್ತಿಲ್ಲ. ಪ್ಯಾನಲ್ ಹಾಕೇಬಿಡ್ತೀನಿ ಅಂತ ಇವರು ಮತ್ತೆ ಸ್ಟೂಲ್ ಹತ್ತಿದ್ದಾರೆ.

ವೈರ್‌ಮನ್: ಸ್ವಿಚ್ ಸರಿಯಾಗೋವರೆಗೆ ಬೇಡ ಅಕ್ಕಾ. ಎರಡೂ ವೈರ್ ತುದಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ ಇಳಿಯಲಿ. ಇವತ್ತು ಅಡುಗೆಮನೆಯಲ್ಲೇ ಊಟ ಮಾಡಿ.

ರಿಟೈರ್ಡ್ ಮೇಷ್ಟ್ರು: ಚಪ್ಪಲಿ ಹಾಕಿದ್ದಾರಾ ಕೇಳಿ.

ವೈರ್‌ಮನ್: ಮೇಷ್ಟ್ರೇ, ಸುಮ್ನಿರಿ.

ಧಾರವಾಡ ಪೇಡೆ: ನಮ್ಮ ರೆಗ್ಯುಲೇಟರ್ ಕಥಿ ಏನಾತ್ರಿ?