ಬೆಳಗಿನ ಜಾವ ಎದ್ದು ಬಿಯರ್ ಕುದಿಸುವುದರಲ್ಲಿ ಅಂಥದ್ದೇನಿದೆ?

ಮಿನಿಯಾಪೊಲಿಸ್ ಮಂಡ್ಯ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿನೆಸೋಟಾದಲ್ಲಿ. ಇಷ್ಟು ದಿನ ಡಬ್ಬಿಯಲ್ಲಿ ಬರುವ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಪಾಕ ತಂದು, ನೀರಿಗೆ ಬೆರೆಸಿ, ಕಹಿಗೂ ಘಮಕ್ಕೂ ಹಾಪ್ಸ್ ಹೂ ಹಾಕಿ ಕುದಿಸಿ ಬಿಯರ್ ಮಾಡುತ್ತಿದ್ದೆ. ಸಂಜೆ ಶುರು ಮಾಡಿದರೂ ಮಲಗುವ ಹೊತ್ತಿಗೆ ಮುಗಿಯುತ್ತಿತ್ತು. ಈಗ ಪಾಕ ಬಿಟ್ಟು ಮಾಲ್ಟ್ ಕಾಳಿನಿಂದಲೇ ಮಾಡೋಣ ಅಂತ ಮನಸ್ಸಾಗಿದೆ. ದೊಡ್ಡ ಹಂಡೆ, ಗ್ಯಾಸ್ ಬರ್ನರ್, ಕುದಿದ ರಸ ತಣಿಸಲು ತಣ್ಣೀರು ಹರಿಸುವ ತಾಮ್ರದ ಸುರುಳಿ ಎಲ್ಲ ಬಂದಾಯಿತು.

ಇಲ್ಲಿ ಬಿಯರ್ ಮಾಡುವ ಗೆಳೆಯರನ್ನು ಕೇಳಿದರೆ ಎಲ್ಲರದೂ ಒಂದೇ ಮಾತು, ಬೆಳಗ್ಗೆ ಐದಕ್ಕೆ ಒಲೆ ಹಚ್ಚು ಅಂತ. ಯಾಕೆ ಅಂದರೆ ಸುಮ್ನೆ ನಗುತ್ತಾರೆ. ಐದಾರು ಗಂಟೆ ಕೆಲಸ ಅನ್ನುವುದು ಗೊತ್ತು, ಆದರೆ ಅದನ್ನು ಹತ್ತಕ್ಕೆ ಶುರು ಮಾಡಿದರೆ ಏನು ಕೊಳ್ಳೆ ಹೋಗುತ್ತದೆ? ನಿದ್ದೆ ಸಿಗುವುದೇ ಭಾನುವಾರ ಒಂದು ದಿನ. ನಿಮ್ಮಲ್ಲಿ ಬೆಳಗ್ಗೆ ಮಾಡುವವರು ಇದ್ದರೆ ಹೇಳಿ, ನಿಜವಾಗಲೂ ಏನಾದರೂ ಇದೆಯಾ, ಅಥವಾ ಇದೂ ಒಂದು ಶೋಕಿನಾ?

ಪೋರ್ಟ್‌ಲ್ಯಾಂಡ್ ಹಂಡೆ:

ಇದೆ. ನಾನು ಹತ್ತಕ್ಕೂ ಶುರು ಮಾಡಿ ನೋಡಿದ್ದೇನೆ, ಐದಕ್ಕೂ ಮಾಡಿದ್ದೇನೆ. ಈಗ ಐದು ಬಿಟ್ಟು ಬೇರೆ ಮಾತಿಲ್ಲ.

ಮೊದಲು ಒಂದು ವಿಷಯ. ಬೆಳಗ್ಗೆ ಎದ್ದು ತೂಕ ಹಾಕುವುದು, ಕಾಳು ಒಡೆಯುವುದು ಎಲ್ಲ ಬೇಡ. ರಾತ್ರಿಯೇ ಮುಗಿಸಿಡಿ. 19 ಲೀಟರ್ ಬಿಯರ್‌ಗೆ ಸುಮಾರು ಐದು ಕಿಲೋ ಮಾಲ್ಟ್ ಬೇಕು. ಅದನ್ನು ಒಡೆದು ಬಕೆಟ್‌ನಲ್ಲಿ ಮುಚ್ಚಿಡಿ. ಹಂಡೆಗೆ ನೀರು ತುಂಬಿಡಿ. ಹಾಪ್ಸ್ ಅಳೆದು ಸಣ್ಣ ಬಟ್ಟಲುಗಳಲ್ಲಿಡಿ. ಬೆಳಗ್ಗೆ ನೀವು ಮಾಡಬೇಕಾದ್ದು ಬೆಂಕಿ ಹಚ್ಚುವುದು, ಕಾಫಿಗೆ ಡಿಕಾಕ್ಷನ್ ಇಳಿಸುವುದು, ಅಷ್ಟೇ.

ನೀರು 72 ಡಿಗ್ರಿಗೆ ಬಂದಾಗ ಕಾಳು ಸುರಿದರೆ ಅದು 66–67ಕ್ಕೆ ಇಳಿದು ನಿಲ್ಲುತ್ತದೆ. ಆಮೇಲೆ ಒಂದು ಗಂಟೆ ಮುಚ್ಚಿಡಬೇಕು, ಅದಾದ ಮೇಲೆಯೇ ರಸ ಸೋಸಿ ಹಾಪ್ಸ್ ಹಾಕಿ ಕುದಿಸುವುದು. ಮುಚ್ಚಳದ ಸಂದಿಯಿಂದ ಬರುವ ವಾಸನೆ ಇದೆಯಲ್ಲ, ಊರಲ್ಲಿ ಮೊಳಕೆ ರಾಗಿ ಹುರಿಯುವಾಗ ಬರುತ್ತಿದ್ದ ವಾಸನೆಗೆ ತೀರಾ ಹತ್ತಿರ. ನನ್ನ ಕೇಳಿದರೆ ಬೆಳಗ್ಗೆ ಏಳುವುದೇ ಆ ಒಂದು ಗಂಟೆಗೋಸ್ಕರ. ಹಂಡೆಯೊಳಗೆ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತಿರುತ್ತವೆ, ನಿಮಗೆ ಕೆಲಸ ಇಲ್ಲ. ಫೋನ್ ಬರುವುದಿಲ್ಲ, ಮಕ್ಕಳು ಎದ್ದಿರುವುದಿಲ್ಲ. ಇದೇ ಗಂಟೆ ಮಧ್ಯಾಹ್ನ ಬಂದರೆ ಅದರಲ್ಲಿ ಅಂಗಡಿಗೆ ಹೋಗಿ ಬಾ, ಹುಲ್ಲು ಕತ್ತರಿಸು ಅಂತ ನೂರೆಂಟು ಕೆಲಸ ಹೊಕ್ಕುತ್ತವೆ.

ಸುಮ್ನೆ ಕೂರಲು ಆಗದವರಿಗೆ ಒಂದು ಆಟ ಹೇಳುತ್ತೇನೆ. ಹತ್ತನೇ ನಿಮಿಷಕ್ಕೆ ಒಂದು ಚಮಚ ರಸ ತೆಗೆದು ಆರಿಸಿ ಬಾಯಿಗೆ ಹಾಕಿ. ಹಿಟ್ಟಿನ ರುಚಿ, ಸಿಹಿ ಕಮ್ಮಿ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ, ತುಟಿ ಅಂಟುವಷ್ಟು ಸಿಹಿ. ಬಿಳಿ ತಟ್ಟೆಯ ಮೇಲೆ ಒಂದು ಹನಿ ರಸ, ಒಂದು ಹನಿ ಅಯೋಡಿನ್ ಸೇರಿಸಿದರೆ ಕಣ್ಣಿಗೂ ಕಾಣುತ್ತದೆ. ಕಪ್ಪು ನೀಲಿ ಆದರೆ ಪಿಷ್ಟ ಇನ್ನೂ ಇದೆ. ಅಯೋಡಿನ್ ತನ್ನ ಬಣ್ಣದಲ್ಲೇ ಉಳಿದರೆ ಕೆಲಸ ಆಯಿತು. ಆ ತಟ್ಟೆಯದನ್ನು ಮಾತ್ರ ಚೆಲ್ಲಿಬಿಡಿ, ಹಂಡೆಗೆ ವಾಪಸ್ ಹಾಕಬೇಡಿ. ಬೆಳಗ್ಗೆ ನಾಲಿಗೆ ಚೊಕ್ಕಟವಾಗಿರುತ್ತದೆ, ಹಾಗಾಗಿ ರುಚಿ ಚೆನ್ನಾಗಿ ತಿಳಿಯುತ್ತದೆ. ಊಟ ಆದ ಮೇಲೆ ಉಪ್ಪಿನಕಾಯಿ ತಿಂದ ಬಾಯಲ್ಲಿ ಇದೆಲ್ಲ ಏನು ಗೊತ್ತಾಗುತ್ತದೆ ಹೇಳಿ?

ಇನ್ನೊಂದು, ಬೆಳಗ್ಗೆ ಐದಕ್ಕೆ ಯಾರೂ ಬಿಯರ್ ಬಾಟಲಿ ತೆರೆಯುವುದಿಲ್ಲ. ಮಧ್ಯಾಹ್ನ ಶುರು ಮಾಡುವವರು ಹಳೇ ಬ್ಯಾಚಿನದು ಒಂದು, ಗೆಳೆಯ ತಂದದ್ದು ಒಂದು ಅಂತ ಕುಡಿಯುತ್ತಾ ಮಾಡುತ್ತಾರೆ. ಬಿಸಿ ರಸದ ಹಂಡೆ ಎತ್ತುವಾಗ ಕೈ ಗಟ್ಟಿಯಿರಬೇಕು, ಅಲ್ವಾ?

ನಮ್ಮ ಕಡೆ ಆಗಸ್ಟ್ ಕೊನೆ, ಸೆಪ್ಟೆಂಬರ್ ಬಂದರೆ ಇನ್ನೂ ಮಜಾ. ಬೇಲಿಗೆ ಹಬ್ಬಿಸಿದ ಕ್ಯಾಸ್ಕೇಡ್ ಅನ್ನುವ ಹಾಪ್ಸ್ ಬಳ್ಳಿ ಇದೆ. ಈ ತಳಿ ಹುಟ್ಟಿದ್ದೂ ನಮ್ಮ ಓರೆಗಾನ್‌ನಲ್ಲೇ, ಕೊರ್ವಾಲಿಸ್‌ನಲ್ಲಿ. ಬೆಳೆಗಾರರ ಕೈಗೆ ಬಂದದ್ದು 1972ರಲ್ಲಿ. ಕಾಳು ನೆನೆಯುವ ಹೊತ್ತಿಗೆ ಬೆಳಕು ಹರಿಯುತ್ತದೆ, ಹೋಗಿ ಹೂ ಕಿತ್ತುಕೊಂಡು ಬರುತ್ತೇನೆ. ಒಂದು ಹೂ ಸೀಳಿದರೆ ಎಸಳಿನ ಬುಡದಲ್ಲಿ ಹಳದಿ ಪುಡಿ. ಬೆರಳಿಗೆ ಅಂಟುತ್ತದೆ, ಉಜ್ಜಿ ಮೂಸಿದರೆ ಚಕ್ಕೋತದ ಸಿಪ್ಪೆ ವಾಸನೆ. ಕಿತ್ತ ಹೂ ಬಲುಬೇಗ ಬಾಡುತ್ತದೆ, ಅದೇ ದಿನ ಹಂಡೆಗೆ ಹಾಕಬೇಕು. ಒಣಗಿದ್ದರ ನಾಲ್ಕೈದು ಪಟ್ಟು ತೂಕ ಬೇಕು. ಕಹಿಗೆ ಅಂಗಡಿಯ ಹಾಪ್ಸನ್ನೇ ಹಾಕುತ್ತೇನೆ, ಹಸಿ ಹೂ ಕೊನೆಯಲ್ಲಿ ಘಮಕ್ಕೆ ಮಾತ್ರ.

ಆಸ್ಟಿನ್ ಸೆಕೆ:

ಮೇಲಿನವರದು ಕಾವ್ಯ, ನಮ್ಮದು ಹೊಟ್ಟೆಪಾಡು 😄 ಟೆಕ್ಸಾಸ್‌ನಲ್ಲಿ ಜುಲೈ ತಿಂಗಳು ಹನ್ನೊಂದು ಗಂಟೆಗೆ ಬರ್ನರ್ ಮುಂದೆ ನಿಂತು ನೋಡಿ, ಆಗ ಬೆಳಗ್ಗೆ ಯಾಕೆ ಅಂತ ಕೇಳುವುದಿಲ್ಲ.

ಬೆಳಗ್ಗೆ ಗಾಳಿ ಕಮ್ಮಿ, ಬೆಂಕಿ ಅಲ್ಲಾಡುವುದಿಲ್ಲ, ಗ್ಯಾಸ್ ಉಳಿಯುತ್ತದೆ. ಸಿಹಿ ರಸಕ್ಕೆ ಮುತ್ತುವ ಕಣಜ, ಜೇನುಹುಳು ಇನ್ನೂ ಹೊರಗೆ ಬಂದಿರುವುದಿಲ್ಲ. ಒಂದು ವಿಷಯ ಮಾತ್ರ ಬೆಳಗ್ಗೆ ಎದ್ದರೂ ಸರಿಹೋಗುವುದಿಲ್ಲ. ಕುದಿದ ರಸವನ್ನು 20 ಡಿಗ್ರಿಗೆ ಇಳಿಸದೆ ಏಲ್ ಬಗೆಯ ಬಿಯರಿನ ಯೀಸ್ಟ್ ಹಾಕುವಂತಿಲ್ಲ. ನಮ್ಮ ನಲ್ಲಿ ನೀರೇ ಬೇಸಿಗೆಯಲ್ಲಿ ಅದಕ್ಕಿಂತ ಬೆಚ್ಚಗಿರುತ್ತದೆ. ಅದಕ್ಕೇ ನಾನು ಎರಡು ಸುರುಳಿ ಇಟ್ಟುಕೊಂಡಿದ್ದೇನೆ, ಒಂದು ಐಸ್ ಬಕೆಟ್‌ನಲ್ಲಿ, ನೀರು ಮೊದಲು ಅದರಲ್ಲಿ ತಣ್ಣಗಾಗಿ ಆಮೇಲೆ ಹಂಡೆಯ ಸುರುಳಿಗೆ ಹೋಗುತ್ತದೆ.

ಮಂಡ್ಯದವರೇ, ನೀವು ಪುಣ್ಯವಂತರು. ನಿಮ್ಮ ನಲ್ಲಿಗೆ ಬರುವುದು ಮಿಸಿಸಿಪ್ಪಿ ನದಿ ನೀರು. ಜನವರಿಯಲ್ಲಿ ಕೈ ಮರಗಟ್ಟುವಷ್ಟು ತಣ್ಣಗಿರುತ್ತದೆ, ಹಂಡೆ ತಣಿಸಲು ಹೆಚ್ಚು ಹೊತ್ತು ಬೇಡ. ಆದರೆ ಹಿಮ ಬೀಳುವ ಮೊದಲೇ ಹೊರಗಿನ ನಲ್ಲಿ ಬಂದ್ ಮಾಡಿರುತ್ತೀರಿ, ಅಡುಗೆಮನೆಯ ನಲ್ಲಿಗೆ ಪೈಪ್ ಕೂರುವ ಅಡಾಪ್ಟರ್ ಈಗಲೇ ತಂದಿಟ್ಟುಕೊಳ್ಳಿ.

ಮೆಲ್ಬರ್ನ್ ಮೈಗಳ್ಳ:

ನಾನು ಒಪ್ಪುವುದಿಲ್ಲ. ಭಾನುವಾರದ ನಿದ್ದೆಗೆ ಸಮನಾದ ಬಿಯರ್ ಯಾವುದೂ ಇಲ್ಲ.

ಆಸ್ಟ್ರೇಲಿಯಾದಲ್ಲಿ ತುಂಬಾ ಜನ ರಸವನ್ನು ತಣಿಸುವ ಗೊಡವೆಗೇ ಹೋಗುವುದಿಲ್ಲ. ಕುದಿ ನಿಂತ ಮೇಲೆ ಬಿಸಿ ಬಿಸಿ ರಸವನ್ನು ದಪ್ಪ ಪ್ಲಾಸ್ಟಿಕ್ ಕ್ಯಾನ್‌ಗೆ ತುಂಬಿ, ಗಾಳಿ ಹಿಂಡಿ, ಮುಚ್ಚಳ ಬಿಗಿದು, ಎಲ್ಲ ಮೂಲೆಗೂ ಬಿಸಿ ತಾಗಲಿ ಅಂತ ಮಗುಚಿ ಇಡುತ್ತೇವೆ. ಮಾರನೇ ದಿನ ಯೀಸ್ಟ್. ಬಿಸಿ ತಡೆಯುವ ಪ್ಲಾಸ್ಟಿಕ್ಕೇ ಆಗಬೇಕು, ಸಿಕ್ಕಿದ ಡಬ್ಬಕ್ಕೆಲ್ಲ ಸುರಿಯಬೇಡಿ. ನೀರು ಉಳಿಯುತ್ತದೆ, ಒಂದು ಗಂಟೆ ಉಳಿಯುತ್ತದೆ. ರಸ ಬಿಸಿಯಾಗಿಯೇ ಇರುವುದರಿಂದ ಹಾಪ್ಸ್ ಕಹಿ ಬಿಡುತ್ತಲೇ ಇರುತ್ತದೆ, ಅದಕ್ಕೆ ಕೊನೆಯ ಹಾಪ್ಸನ್ನು ಇಪ್ಪತ್ತು ನಿಮಿಷ ತಡವಾಗಿ ಹಾಕುವುದು ರೂಢಿ.

ಜತೆಗೆ ಶನಿವಾರ ರಾತ್ರಿ ಊಟ ಆದ ಮೇಲೆ ಕಾಳು ನೆನೆಹಾಕಿ, ಹಂಡೆಗೆ ಕಂಬಳಿ ಸುತ್ತಿ ಮಲಗಿದರೆ, ಬೆಳಗ್ಗೆ ಎಂಟಕ್ಕೆ ಎದ್ದು ನೇರ ಕುದಿಸಬಹುದು. ರಾತ್ರಿಯೆಲ್ಲ ನೆನೆದರೆ ಬಿಯರ್ ಸ್ವಲ್ಪ ತೆಳ್ಳಗೆ ಬರುತ್ತದೆ, ನನಗೆ ಅದೇ ಇಷ್ಟ.

ಪೋರ್ಟ್‌ಲ್ಯಾಂಡ್ ಹಂಡೆ:

ಕಂಬಳಿ ಉಪಾಯ ಸರಿ, ನಾನೂ ಸುತ್ತುತ್ತೇನೆ. ಆದರೆ ರಾತ್ರಿ ನೆನೆಹಾಕಿ ಮಲಗಿದರೆ ರುಚಿ ಬದಲಾಗುವುದನ್ನು ನೋಡುವವರು ಯಾರು? ನಿಮಗೆ ಬಿಯರ್ ಬೇಕು. ನನಗೆ ಬಿಯರ್ ಆಗುವುದನ್ನು ನೋಡಬೇಕು. ಕುಡಿಯಲು ಮಾತ್ರ ಆದರೆ ಪೋರ್ಟ್‌ಲ್ಯಾಂಡ್‌ನಲ್ಲಿ ಒಳ್ಳೆ ಬಿಯರ್‌ಗೆ ಬರವೇ?

ಜಯನಗರ ನಾಲ್ಕನೇ ಬ್ಲಾಕ್:

ಓದಿ ಹೊಟ್ಟೆ ಉರಿಯುತ್ತಿದೆ. ಬೆಂಗಳೂರಿನಲ್ಲಿ ತಾರಸಿ ಮೇಲೆ ಬೆಳಗ್ಗೆ ಐದಕ್ಕೆ ಇಂಥ ಹವಾ ಎಲ್ಲಿ ಸಿಗುತ್ತದೆ! ಇಲ್ಲಿ ಸಣ್ಣದಾಗಿ ಮನೆಗೆ ಮಾತ್ರ ಮಾಡಿಕೊಂಡರೆ ನಡೆಯುತ್ತದಾ?

ಆಸ್ಟಿನ್ ಸೆಕೆ:

ನಡೆಯುವುದಿಲ್ಲ ಸಾರ್. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವುದು ಅಪರಾಧ. ಮನೆಗೆ ಮಾತ್ರ ಅಂದರೂ ಬಿಡುವುದಿಲ್ಲ.

ಅಮೆರಿಕದಲ್ಲೂ ಇದು ಮೊದಲಿನಿಂದ ಇದ್ದದ್ದಲ್ಲ. 1933ರಲ್ಲಿ ಪಾನನಿಷೇಧ ಮುಗಿದ ಮೇಲೆ ಮನೆಯಲ್ಲಿ ವೈನ್ ಮಾಡಲು ಅವಕಾಶ ಸಿಕ್ಕಿತು, ಬಿಯರ್ ಬಿಟ್ಟುಹೋಯಿತು. ಬಿಯರ್‌ಗೂ ಅವಕಾಶ ಕೊಡುವ ಕಾನೂನಿಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರಲ್ಲಿ. ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ! ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ 750 ಲೀಟರ್‌ಗಿಂತ ಜಾಸ್ತಿಯೇ ಆಯಿತು. ಮಾರುವಂತಿಲ್ಲ, ಭಟ್ಟಿ ಇಳಿಸುವಂತಿಲ್ಲ.

ಮಿನಿಯಾಪೊಲಿಸ್ ಮಂಡ್ಯ:

ಎಲ್ಲರಿಗೂ ಥ್ಯಾಂಕ್ಸ್. ಆ ಚಮಚದ ಆಟ ಒಂದಕ್ಕಾದರೂ ಒಮ್ಮೆ ಐದಕ್ಕೆ ಏಳುತ್ತೇನೆ. ಇನ್ನು ಎರಡು ಪ್ರಶ್ನೆ. ನವೆಂಬರ್ ಆದ ಮೇಲೆ ಇಲ್ಲಿ ಬೆಳಗ್ಗೆ ಹೊರಗೆ ನಿಲ್ಲಲು ಆಗುವುದಿಲ್ಲ, ಗ್ಯಾರೇಜ್‌ನಲ್ಲಿ ಬಾಗಿಲು ಎಳೆದುಕೊಂಡು ಬರ್ನರ್ ಹಚ್ಚಬಹುದಾ? ಮತ್ತೆ ರಸ ಸೋಸಿ ಉಳಿದ ಕಾಳನ್ನು ಏನು ಮಾಡುತ್ತೀರಿ? ಮನೆಯಲ್ಲಿ ನಾಯಿ ಇದೆ, ಅದಕ್ಕೆ ಹಾಕೋಣ ಅಂತ ಹೆಂಡತಿ ಹೇಳುತ್ತಿದ್ದಾಳೆ.

ಪೋರ್ಟ್‌ಲ್ಯಾಂಡ್ ಹಂಡೆ:

ಬಾಗಿಲು ಎಳೆದುಕೊಂಡು ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆ ತಿರುಗುವ ಹೊತ್ತಿಗೆ ತಡವಾಗಿರುತ್ತದೆ. ಚಳಿಗಾಲಕ್ಕೆ ಕರೆಂಟಿನ ಹಂಡೆ ತಗೊಳ್ಳಿ. ಟೈಮರ್ ಇರುವುದು ಸಿಗುತ್ತದೆ, ನೀವು ಏಳುವ ಹೊತ್ತಿಗೆ ನೀರು ಕಾದಿರುತ್ತದೆ. ಅದರಲ್ಲೂ ಕುದಿಯ ಮೊದಲ ಹತ್ತು ನಿಮಿಷ ಪಕ್ಕದಲ್ಲೇ ನಿಂತಿರಿ. ಕಂದು ನೊರೆ ಒಂದೇ ಸಲ ಅಂಚಿಗೆ ಏರುತ್ತದೆ. ತಣ್ಣೀರಿನ ಸ್ಪ್ರೇ ಬಾಟಲಿ ಕೈಯಲ್ಲಿರಲಿ.

ಕಾಳಿನ ಚರಟ ನಾವು ಕೋಳಿ ಸಾಕುವ ಪಕ್ಕದವರಿಗೆ ಕೊಡುತ್ತೇವೆ. ಸ್ವಲ್ಪ ಒಣಗಿಸಿ ಪುಡಿ ಮಾಡಿ ರೊಟ್ಟಿ ಹಿಟ್ಟಿಗೂ ಬೆರೆಸುತ್ತೇವೆ. ಒಂದು ಹಿಡಿ ಸಾಕು, ಜಾಸ್ತಿ ಆದರೆ ಸಿಪ್ಪೆ ಗಂಟಲಿಗೆ ಸಿಗುತ್ತದೆ. ನಾಯಿಗೆ ಕಾಳು ಸ್ವಲ್ಪ ಹಾಕಿದರೆ ತೊಂದರೆ ಇಲ್ಲ, ಆದರೆ ಹಾಪ್ಸ್ ಬಿದ್ದ ಯಾವುದನ್ನೂ ಹತ್ತಿರ ಬಿಡಬೇಡಿ. ನಾಯಿಗೆ ಅದು ವಿಷ, ಮೈ ಬಿಸಿ ಏರಿ ಸತ್ತೂ ಹೋಗಬಹುದು. ಹಂಡೆ ತಳದ ಹಾಪ್ಸ್ ಗಸಿಯನ್ನು ಗೊಬ್ಬರದ ಗುಂಡಿಗೂ ಹಾಕಬೇಡಿ, ಚೀಲಕ್ಕೆ ಕಟ್ಟಿ ಕಸಕ್ಕೆ ಹಾಕಿ.